ತೀರಿಕೊಂಡವರ ಹೆಸರಿನಲ್ಲಿ ಉಳಿದ ಹಣ

ಗಂಡ ತೀರಿಕೊಂಡು ತಿಥಿ ಮುಗಿದ ಮೇಲೆ ಪಾಸ್‌ಬುಕ್ಕು, ಠೇವಣಿ ರಸೀದಿ ಹಿಡಿದು ಬ್ಯಾಂಕಿಗೆ ಹೋದ ಹೆಂಗಸಿಗೆ ಕೌಂಟರಿನ ಆಚೆಯಿಂದ ಬರುವ ಮಾತು ಸಾಮಾನ್ಯವಾಗಿ ಇದು: "ನಾಮಿನಿ ಹಾಕ್ಸಿಲ್ಲಮ್ಮ, ಕೋರ್ಟಿಂದ ಸಕ್ಸೆಷನ್ ಸರ್ಟಿಫಿಕೇಟ್ ತಗೊಂಡು ಬನ್ನಿ." ಅಲ್ಲಿಂದ ಮುಂದೆ ಸಲಹೆ ಕೊಡುವವರಿಗೆ ಬರವಿಲ್ಲ. ತಾಲ್ಲೂಕು ಆಫೀಸಿನ ವಂಶವೃಕ್ಷ ಸಾಕು ಎನ್ನುತ್ತಾರೆ ಒಬ್ಬರು. ಮೊದಲು ಪೌತಿ ಖಾತೆ ಮಾಡಿಸಿ, ಉಳಿದದ್ದು ತಾನಾಗಿ ಆಗುತ್ತದೆ ಎನ್ನುತ್ತಾರೆ ಇನ್ನೊಬ್ಬರು. ವಿಲ್ ಇದ್ದರೆ ಪ್ರೊಬೇಟ್ ಮಾಡಿಸದೆ ಏನೂ ನಡೆಯುವುದಿಲ್ಲ ಎಂದು ಹೆದರಿಸುವವರೂ ಇದ್ದಾರೆ. ಈ ಒಂದೊಂದು ಪತ್ರಕ್ಕೂ ಅದರದೇ ಕೆಲಸವಿದೆ, ಅದರದೇ ಕಚೇರಿಯಿದೆ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ದುಃಖದಲ್ಲಿರುವ ಮನೆಯವರ ತಿಂಗಳುಗಟ್ಟಲೆ ಸಮಯ ಹಾಳಾಗುವುದು ಬೇಡದ ಪತ್ರಕ್ಕಾಗಿ ಸುತ್ತುವುದರಲ್ಲೇ.

ಮೊದಲು ಕೋರ್ಟಿಗೆ ಹೋಗಬೇಕಾಗಿಯೇ ಇಲ್ಲದ ಸಂಗತಿಗಳನ್ನು ಬದಿಗಿಡೋಣ. ಜಮೀನಿನ ಪಹಣಿಯಲ್ಲಿ ಸತ್ತವರ ಹೆಸರು ಇಳಿದು ವಾರಸುದಾರರ ಹೆಸರು ಏರುವುದು ಪೌತಿ ಖಾತೆಯಿಂದ. ಅದು ಕಂದಾಯ ಇಲಾಖೆಯ ಕೆಲಸ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯಡಿ ವಾರಸುದಾರರು ವರದಿ ಕೊಡಬೇಕು, ನೋಟಿಸ್ ಆಗಬೇಕು, ತಕರಾರು ಬಾರದಿದ್ದರೆ ಮ್ಯುಟೇಷನ್ ಆಗುತ್ತದೆ. ಊರಿನ ಮನೆ, ನಿವೇಶನದ ಖಾತೆ ಬದಲಾವಣೆ ಪಂಚಾಯಿತಿ, ಪುರಸಭೆ ಅಥವಾ ಪಾಲಿಕೆಯದು. ಸರ್ಕಾರಿ ನೌಕರರ ಕುಟುಂಬ ಪಿಂಚಣಿ ಯಾರಿಗೆ ಸಲ್ಲಬೇಕೆಂದು ಪಿಂಚಣಿ ನಿಯಮಗಳೇ ಹೇಳುತ್ತವೆ. ನಾಡಕಚೇರಿ ಕೊಡುವ ವಂಶವೃಕ್ಷ ಅಥವಾ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರ ಈ ಎಲ್ಲ ಕಡೆಯೂ ಬೇಕಾಗುವ ಆಧಾರ. ಗ್ರಾಮ ಆಡಳಿತ ಅಧಿಕಾರಿ ವಿಚಾರಿಸಿ, ಕಂದಾಯ ನಿರೀಕ್ಷಕರ ಮೂಲಕ ಬರುವ ಈ ಪತ್ರ ಮನೆಯಲ್ಲಿ ಯಾರು ಯಾರು ಇದ್ದಾರೆಂದು ಹೇಳುತ್ತದೆಯೇ ಹೊರತು ಯಾರಿಗೆ ಎಷ್ಟು ಪಾಲು ಎಂದು ಹೇಳುವುದಿಲ್ಲ.

ಹಾಗಾದರೆ ಕೋರ್ಟಿನ ಪತ್ರ ಯಾತಕ್ಕೆ? ಸತ್ತವರಿಗೆ ಬೇರೆಯವರಿಂದ ಬರಬೇಕಾದ ಹಣಕ್ಕೆ. ಬ್ಯಾಂಕಿನ ಠೇವಣಿ, ಕೈಸಾಲದ ಬಾಕಿ, ಷೇರು, ಬಾಂಡು ಇಂಥವುಗಳಿಗೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಇವನ್ನು ಸಾಲ ಮತ್ತು ಭದ್ರತಾಪತ್ರ ಎಂದು ಎರಡು ಗುಂಪಾಗಿ ಕರೆಯುತ್ತದೆ. ನೀವು ಬ್ಯಾಂಕಿನಲ್ಲಿ ಇಟ್ಟ ಹಣ ಕಾನೂನಿನ ಕಣ್ಣಿಗೆ ಬ್ಯಾಂಕು ನಿಮಗೆ ತೀರಿಸಬೇಕಾದ ಸಾಲ. ಸಾಲ ಕೊಟ್ಟವರು ತೀರಿಕೊಂಡಾಗ ಸಾಲಗಾರನಾದ ಬ್ಯಾಂಕಿಗೆ ಒಂದು ಭಯ ಶುರುವಾಗುತ್ತದೆ: ಇವತ್ತು ಹೆಂಡತಿಗೆ ಕೊಟ್ಟರೆ ನಾಳೆ ಇನ್ನೊಬ್ಬ ವಾರಸುದಾರ ಬಂದು "ನನ್ನ ಪಾಲು ಎಲ್ಲಿ" ಎಂದು ಕೇಳಿದರೆ? ಆ ಭಯಕ್ಕೆ ಕಾಯ್ದೆ ಕೊಟ್ಟ ಪರಿಹಾರವೇ ಉತ್ತರಾಧಿಕಾರ ಪ್ರಮಾಣಪತ್ರ, ಅಂದರೆ ಸಕ್ಸೆಷನ್ ಸರ್ಟಿಫಿಕೇಟ್. ಅದನ್ನು ತೋರಿಸಿದವರಿಗೆ ಸದ್ಭಾವನೆಯಿಂದ ಹಣ ಕೊಟ್ಟ ಬ್ಯಾಂಕಿನ ಹೊಣೆ ಅಲ್ಲಿಗೆ ತೀರಿತು ಎನ್ನುತ್ತದೆ 381ನೇ ಕಲಮು.

ಇದನ್ನು ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ತಿಳಿಯಾಗುತ್ತದೆ. ಆ ಪತ್ರ ಹಣ ಕೊಡುವವರಿಗೆ ರಕ್ಷಣೆ. ಪಡೆದವರನ್ನು ಅದು ಆ ಹಣದ ಏಕೈಕ ಒಡೆಯರನ್ನಾಗಿ ಮಾಡುವುದಿಲ್ಲ. ಎಲ್ಲರ ಪರವಾಗಿ ಹಣ ಬಿಡಿಸಿಕೊಂಡು, ಅವರವರ ಪಾಲನ್ನು ಅವರವರಿಗೆ ಮುಟ್ಟಿಸುವ ಹೊಣೆ ಪಡೆದವರ ಮೇಲೆ ಉಳಿದೇ ಇರುತ್ತದೆ. ನಾಮಿನಿಯ ವಿಷಯದಲ್ಲೂ ನಮ್ಮ ಸರ್ವೋಚ್ಚ ನ್ಯಾಯಾಲಯ ಇದನ್ನೇ ಹೇಳುತ್ತ ಬಂದಿದೆ. 1983ರಲ್ಲಿ ಸರ್ಬತಿ ದೇವಿ ಪ್ರಕರಣದಲ್ಲಿ ಜೀವವಿಮೆಯ ಬಗ್ಗೆ, 2010ರಲ್ಲಿ ರಾಮಚಂದರ್ ತಲ್ವಾರ್ ಪ್ರಕರಣದಲ್ಲಿ ಬ್ಯಾಂಕ್ ಠೇವಣಿಯ ಬಗ್ಗೆ, 2023ರಲ್ಲಿ ಶಕ್ತಿ ಯಜ್ದಾನಿ ಪ್ರಕರಣದಲ್ಲಿ ಷೇರುಗಳ ಬಗ್ಗೆ. ಜೀವವಿಮೆಗೆ ಮಾತ್ರ 2015ರ ತಿದ್ದುಪಡಿಯಿಂದ ಒಂದು ವ್ಯತ್ಯಾಸ ಬಂದಿದೆ: ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆತಾಯಿ ನಾಮಿನಿಯಾಗಿದ್ದರೆ ಆ ಹಣದ ಫಲ ಅವರಿಗೇ ಸೇರುತ್ತದೆ. ಉಳಿದ ಕಡೆ ನಾಮಿನಿ ಎಂದರೆ ಹಣ ಪಡೆಯುವ ಕೈ ಅಷ್ಟೆ.

ನಾಮಿನಿ ಇಲ್ಲದ ಖಾತೆಗಳೆಲ್ಲಕ್ಕೂ ಕೋರ್ಟೇ ಗತಿ ಎಂದೂ ತಿಳಿಯಬೇಕಿಲ್ಲ. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ನಾಮಿನಿಯೂ ಇಲ್ಲ, ಜಂಟಿ ಖಾತೆಯೂ ಅಲ್ಲ ಎಂದಾದರೂ 15 ಲಕ್ಷ ರೂಪಾಯಿವರೆಗಿನ ಹಣಕ್ಕೆ ವಾಣಿಜ್ಯ ಬ್ಯಾಂಕುಗಳು, 5 ಲಕ್ಷದವರೆಗಿನ ಹಣಕ್ಕೆ ಸಹಕಾರಿ ಬ್ಯಾಂಕುಗಳು ಸರಳ ವಿಧಾನದಲ್ಲೇ ಇತ್ಯರ್ಥ ಮಾಡಬೇಕು. ವಾರಸುದಾರರ ನಡುವೆ ಜಗಳ ಇರಬಾರದು, ಅಷ್ಟೆ. ದಾಖಲೆಗಳೆಲ್ಲ ಸೇರಿದ ಮೇಲೆ 15 ದಿನದೊಳಗೆ ಹಣ ಕೊಡಬೇಕು, ಬ್ಯಾಂಕಿನ ಕಡೆಯಿಂದ ತಡವಾದರೆ ಪರಿಹಾರವನ್ನೂ ಕೊಡಬೇಕು. ಇದಕ್ಕಿಂತ ಕಡಿಮೆ ಹಣಕ್ಕೆ ಕೋರ್ಟಿನ ದಾರಿ ತೋರಿಸಿದರೆ ಆ ಮಾತನ್ನು ಬರೆದು ಕೊಡಿ ಎಂದು ಕೇಳುವ ಧೈರ್ಯವನ್ನು ನಮ್ಮ ಹೆಣ್ಣುಮಕ್ಕಳು ಮಾಡಬೇಕು. ಆದರೆ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅವುಗಳಿಗೆ ಅವುಗಳದೇ ಕಾಯ್ದೆ, ಉಪವಿಧಿಗಳಿವೆ.

ಈಗ ಒಂದು ಮನೆಯನ್ನು ಎದುರಿಗಿಟ್ಟುಕೊಳ್ಳೋಣ. ಹೈಸ್ಕೂಲು ಮೇಷ್ಟ್ರೊಬ್ಬರು ವಿಲ್ ಬರೆಯದೆ ತೀರಿಕೊಂಡಿದ್ದಾರೆ. ಮನೆಯಲ್ಲಿ ಹೆಂಡತಿ, ಒಬ್ಬ ಮಗ, ಮದುವೆಯಾದ ಒಬ್ಬ ಮಗಳು, ಹಳ್ಳಿಯ ಮನೆಯಲ್ಲಿ ಮೇಷ್ಟ್ರ ವಯಸ್ಸಾದ ತಾಯಿ. ಮೇಷ್ಟ್ರು ಸ್ವಂತ ದುಡಿಮೆಯಿಂದ ಕೂಡಿಟ್ಟ ಠೇವಣಿ 24 ಲಕ್ಷ, ನಾಮಿನಿ ಇಲ್ಲ. ಮೊತ್ತ ದೊಡ್ಡದು, ಹಾಗಾಗಿ ಬ್ಯಾಂಕು ಕೋರ್ಟಿನ ಪತ್ರ ಕೇಳಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಮೊದಲ ವರ್ಗದ ವಾರಸುದಾರರಲ್ಲಿ ಹೆಂಡತಿ ಮಕ್ಕಳ ಜೊತೆಗೆ ತಾಯಿಯೂ ಇದ್ದಾಳೆ. ನಾಲ್ವರಿಗೂ ಸಮಪಾಲು, ತಲಾ 6 ಲಕ್ಷ.

ಅರ್ಜಿಯಲ್ಲಿ ಹೆಸರು ಬಿಟ್ಟುಹೋಗುವುದು ಹೆಚ್ಚಾಗಿ ಈ ತಾಯಿಯದೇ. ಅಜ್ಜಿಗೆ ದುಡ್ಡು ಯಾಕೆ, ಮಗಳ ಮದುವೆಗೆ ಆಗಲೇ ಖರ್ಚಾಗಿದೆಯಲ್ಲ ಎಂಬ ಮಾತುಗಳು ಹೊರಗೆ ಕೇಳುತ್ತವೆ. ಒಳಗಿನ ಲೆಕ್ಕ ಬೇರೆ ಇರುತ್ತದೆ. ಅಜ್ಜಿಯ ಪಾಲಿಗೆ ಬಂದ 6 ಲಕ್ಷ ಆಕೆಯ ನಂತರ ಆಕೆಯ ಎಲ್ಲ ಮಕ್ಕಳಿಗೂ ಹಂಚಿಹೋಗುತ್ತದೆ. ಅಂದರೆ ಮೇಷ್ಟ್ರ ಅಣ್ಣತಮ್ಮಂದಿರು, ಅಕ್ಕತಂಗಿಯರಿಗೂ ಅದರಲ್ಲಿ ಪಾಲು ಹುಟ್ಟುತ್ತದೆ. ಆ ಬಾಗಿಲು ತೆರೆಯುವುದೇ ಬೇಡವೆಂದು ಅಜ್ಜಿಯ ಹೆಸರನ್ನೇ ಎತ್ತುವುದಿಲ್ಲ. ಮಗಳ ಕೈಯಲ್ಲಿ ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಇಟ್ಟು ಸಹಿ ಹಾಕಿಸಿಕೊಳ್ಳುವುದಂತೂ ನಮ್ಮಲ್ಲಿ ಮನೆಮನೆಯ ಕಥೆ.

ಇದು ಅನ್ಯಾಯ ಮಾತ್ರವಲ್ಲ, ಅಪಾಯ ಕೂಡ. 1925ರ ಕಾಯ್ದೆಯ 372ನೇ ಕಲಮಿನಂತೆ ಅರ್ಜಿಯಲ್ಲಿ ಸತ್ತವರ ಕುಟುಂಬದವರ ಮತ್ತು ಹತ್ತಿರದ ಬಂಧುಗಳ ಹೆಸರು, ವಾಸಸ್ಥಳ ಇರಲೇಬೇಕು. ಸುಳ್ಳೆಂದು ಗೊತ್ತಿದ್ದೂ ಸತ್ಯಾಪನೆ ಮಾಡಿ ಸಹಿ ಹಾಕಿದರೆ ಅದು ಅಪರಾಧ. ಮುಖ್ಯ ಸಂಗತಿಯನ್ನು ಮುಚ್ಚಿಟ್ಟು ಪಡೆದ ಪ್ರಮಾಣಪತ್ರವನ್ನು 383ನೇ ಕಲಮಿನಡಿ ರದ್ದು ಮಾಡಿಸಬಹುದು. ಅಷ್ಟರಲ್ಲಿ ಹಣ ಖರ್ಚಾಗಿಹೋಗಿದ್ದರೆ ಅಕ್ಕತಂಗಿಯರು, ಅತ್ತೆ ಸೊಸೆ ಒಬ್ಬರ ಮೇಲೊಬ್ಬರು ದಾವೆ ಹೂಡಿಕೊಂಡು ಕೂರಬೇಕಾಗುತ್ತದೆ. ಅಜ್ಜಿಗೆ ನಿಜವಾಗಿಯೂ ಹಣ ಬೇಡವಾದರೆ ಅದಕ್ಕೆ ನೇರ ದಾರಿಯಿದೆ: ಆಕೆಯನ್ನೂ ಅರ್ಜಿಯಲ್ಲಿ ಸೇರಿಸಿ, ಪಾಲು ಎಷ್ಟೆಂದು ಆಕೆಗೆ ಅರ್ಥವಾಗುವ ಮಾತಿನಲ್ಲಿ ಹೇಳಿ, ನ್ಯಾಯಾಧೀಶರ ಮುಂದೆ ಆಕೆಯೇ "ನನ್ನ ತಕರಾರಿಲ್ಲ" ಎಂದು ಹೇಳಲಿ. ಬಿಳಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಬರುವುದಕ್ಕೂ ಇದಕ್ಕೂ ಇರುವ ದೂರವನ್ನು ನಾವು ಗೌರವಿಸಬೇಕು.

ಅರ್ಜಿ ಹಾಕುವ ಜಾಗ, ಸತ್ತವರು ಕೊನೆಯ ಕಾಲದಲ್ಲಿ ಸಾಮಾನ್ಯವಾಗಿ ವಾಸವಿದ್ದ ಊರಿನ ಮೇಲೆ ವ್ಯಾಪ್ತಿ ಇರುವ ಕೋರ್ಟು. ಹಣ ಯಾವ ಊರಿನ ಬ್ಯಾಂಕಿನಲ್ಲಿದೆ ಎಂಬುದು ಮುಖ್ಯವಲ್ಲ, ಏಕೆಂದರೆ ಒಮ್ಮೆ ಸಿಕ್ಕ ಪ್ರಮಾಣಪತ್ರ ಇಡೀ ದೇಶದಲ್ಲಿ ನಡೆಯುತ್ತದೆ. ಬೆಂಗಳೂರು ನಗರದಲ್ಲಾದರೆ ಸಿಟಿ ಸಿವಿಲ್ ಕೋರ್ಟು, ಉಳಿದ ಕಡೆ ಸಾಮಾನ್ಯವಾಗಿ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯ. ನಮ್ಮ ಕೋರ್ಟುಗಳಲ್ಲಿ ಇಂಥ ಪ್ರಕರಣಕ್ಕೆ 'ಪಿ ಅಂಡ್ ಎಸ್‌ಸಿ' (ಪ್ರೊಬೇಟ್ ಅಂಡ್ ಸಕ್ಸೆಷನ್ ಸರ್ಟಿಫಿಕೇಟ್) ಎಂಬ ನಂಬರು ಬೀಳುತ್ತದೆ.

ನಂಬರು ಬೀಳುವ ಮುಂಚೆ ಕಡತ ಶಿರಸ್ತೇದಾರರ ಮೇಜಿನ ಮೇಲೆ ಪರಿಶೀಲನೆಗೆ ಕೂರುತ್ತದೆ. ಅರ್ಜಿಗೆ ತಡೆಯಾಗುವುದು ದೊಡ್ಡ ಕಾನೂನಿನ ಪ್ರಶ್ನೆಗಳಿಂದಲ್ಲ, ಹೆಸರುಗಳಿಂದ. ಮರಣ ಪತ್ರದಲ್ಲಿ ನಂಜುಂಡಪ್ಪ, ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಸೇರಿದ ನಂಜುಂಡಯ್ಯ, ಆಧಾರಿನಲ್ಲಿ ಬರೀ ನಂಜುಂಡ. ಹೆಂಡತಿಯ ಹೆಸರು ಒಂದು ಕಡೆ ಶಾರದಾ, ಇನ್ನೊಂದು ಕಡೆ ಶಾರದಮ್ಮ. ಮನೆಯವರಿಗೆ ಈ ನಂಜುಂಡಪ್ಪ ಒಬ್ಬರೇ, ಕಾಗದಕ್ಕೆ ಮೂವರು. ಇದನ್ನು ಅರ್ಜಿಯಲ್ಲೇ 'ನಂಜುಂಡಪ್ಪ ಯಾನೆ ನಂಜುಂಡಯ್ಯ' ಎಂದು ಬರೆದು, ಇಬ್ಬರೂ ಒಬ್ಬರೇ ಎನ್ನುವುದಕ್ಕೆ ಅಫಿಡವಿಟ್ ಹಾಕಿ, ಶಾಲಾ ದಾಖಲೆಯನ್ನೋ ಸೇವಾ ಪುಸ್ತಕವನ್ನೋ ಜೊತೆಗಿಡುವುದು ಜಾಣತನ. ಮರಣ ಪತ್ರದಲ್ಲೇ ತಪ್ಪಿದ್ದರೆ ಅದನ್ನು ನೋಂದಣಾಧಿಕಾರಿಯ ಬಳಿ ಮೊದಲು ತಿದ್ದಿಸಿಕೊಳ್ಳಬೇಕು. ಸಾವಾದ 21 ದಿನದೊಳಗೆ ನೋಂದಣಿ ಮಾಡಿಸುವಾಗ ಯಾರೋ ದೂರದ ನೆಂಟರು ಫಾರಂ ತುಂಬಿರುತ್ತಾರೆ. ಆ ಹೊತ್ತಿನಲ್ಲಿ ಕಾಗುಣಿತ ನೋಡುವ ಮನಸ್ಥಿತಿ ಯಾರಿಗೂ ಇರುವುದಿಲ್ಲ. ಹಾಗಿದ್ದರೂ ಹೇಳುತ್ತೇನೆ, ಬ್ಯಾಂಕ್ ಪಾಸ್‌ಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡು ಆ ಹೆಸರು ಬರೆಸಿ.

ಅರ್ಜಿಯ ಕೊನೆಗೆ ಷೆಡ್ಯೂಲು. ಯಾವ ಬ್ಯಾಂಕು, ಯಾವ ಶಾಖೆ, ಖಾತೆ ಸಂಖ್ಯೆ, ಠೇವಣಿ ರಸೀದಿಯ ಸಂಖ್ಯೆ, ಮೊತ್ತ, ಎಲ್ಲವೂ ಅಲ್ಲಿರಬೇಕು. ಪ್ರಮಾಣಪತ್ರದಲ್ಲಿ ಅಚ್ಚಾಗುವುದು ಇದೇ ಪಟ್ಟಿ. ಇಲ್ಲಿ ಒಂದಂಕಿ ತಪ್ಪಾದರೆ ಎಲ್ಲ ಮುಗಿದ ಮೇಲೆ ಬ್ಯಾಂಕಿನವರು "ಈ ನಂಬರಿನ ಖಾತೆ ನಮ್ಮಲ್ಲಿಲ್ಲ" ಎನ್ನುತ್ತಾರೆ. ಮನೆ, ಜಮೀನನ್ನು ಈ ಪಟ್ಟಿಗೆ ತುರುಕುವವರೂ ಇದ್ದಾರೆ. ಸ್ಥಿರಾಸ್ತಿಗೆ ಈ ಪತ್ರ ನಡೆಯುವುದಿಲ್ಲ. ಮೊತ್ತದ ಮೇಲೆ ರಾಜ್ಯದ ಕೋರ್ಟ್ ಶುಲ್ಕ ಕಾಯ್ದೆಯ ಪ್ರಕಾರ ಶುಲ್ಕವಿದೆ. ಅದಕ್ಕೆ ಸಮನಾದ ಹಣವನ್ನು ಮೊದಲೇ ಠೇವಣಿ ಇಡಬೇಕು ಎನ್ನುತ್ತದೆ ಉತ್ತರಾಧಿಕಾರ ಕಾಯ್ದೆ. ಅರ್ಜಿ ಮಂಜೂರಾದರೆ ಆ ಹಣ ಛಾಪಾ ಕಾಗದಕ್ಕೆ ಹೋಗುತ್ತದೆ, ತಿರಸ್ಕೃತವಾದರೆ ವಾಪಸು ಬರುತ್ತದೆ.

ನಂತರ ನೋಟಿಸು. ಬತ್ತ (ನೋಟಿಸು ಮುಟ್ಟಿಸುವ ಖರ್ಚು) ಕಟ್ಟಿದ ಮೇಲೆ ಪ್ರತಿವಾದಿಗಳೆಂದು ಹೆಸರಿಸಿದ ಬಂಧುಗಳಿಗೆ ನೋಟಿಸು ಹೋಗುತ್ತದೆ, ಕೋರ್ಟಿನ ಬೋರ್ಡಿನ ಮೇಲೂ ಅಂಟುತ್ತದೆ, ಸಾಮಾನ್ಯವಾಗಿ ಒಂದು ಕನ್ನಡ ಪತ್ರಿಕೆಯಲ್ಲೂ ಅಚ್ಚಾಗುತ್ತದೆ. ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ "ಅರ್ಜಿದಾರರು: ಶಾರದಮ್ಮ ಕೋಂ ಲೇಟ್ ನಂಜುಂಡಪ್ಪ, ಪ್ರತಿವಾದಿಗಳು: ಇಲ್ಲ" ಎಂಬ ಬಗೆಯ ಪ್ರಕಟಣೆಗಳನ್ನು ನೀವು ದಿನವೂ ದಾಟಿಕೊಂಡು ಹೋಗಿರುತ್ತೀರಿ. ನನ್ನ ಕಣ್ಣು ಮಾತ್ರ ಆ 'ಇಲ್ಲ' ಎಂಬ ಪದದ ಮೇಲೆ ನಿಲ್ಲುತ್ತದೆ. ಎಷ್ಟೋ ಸಲ ಅದು ನಿಜ. ಇನ್ನೆಷ್ಟೋ ಸಲ ಆ ಪದದ ಹಿಂದೆ ಯಾವುದೋ ಊರಿನಲ್ಲಿ ಒಬ್ಬ ಅಜ್ಜಿ, ಒಬ್ಬಳು ಮಗಳು, ಅಥವಾ ಮೊದಲ ಹೆಂಡತಿಯ ಮಕ್ಕಳು ಇರುತ್ತಾರೆ.

ನಿಗದಿಯಾದ ದಿನ ಅಟೆಂಡರ್ ಹೊರಬಾಗಿಲಿಗೆ ಬಂದು ಹೆಸರು ಕೂಗುತ್ತಾರೆ. ತಕರಾರುದಾರರು ಯಾರೂ ಬಾರದಿದ್ದರೆ ಅರ್ಜಿದಾರರ ಸಾಕ್ಷ್ಯ. ಹೆಚ್ಚಿನವರು ನಡುಗುವುದು ಇಲ್ಲೇ. ಆದರೆ ನಡೆಯುವುದಿಷ್ಟು: ಮುಂಚೆಯೇ ಬರೆದು ತಂದ ಅಫಿಡವಿಟ್ಟನ್ನು ಒಪ್ಪಿಕೊಳ್ಳುವುದು, ದಾಖಲೆಗಳನ್ನು ಗುರುತಿಸುವುದು. ಮರಣ ಪತ್ರ ನಿ.ಪಿ. 1, ವಂಶವೃಕ್ಷ ನಿ.ಪಿ. 2, ಠೇವಣಿ ರಸೀದಿ ನಿ.ಪಿ. 3, ಹೀಗೆ ಒಂದೊಂದಕ್ಕೂ ಕೆಂಪು ಶಾಯಿಯಲ್ಲೋ ಮೊಹರಿನಲ್ಲೋ ಗುರುತು ಬೀಳುತ್ತದೆ. ನ್ಯಾಯಾಧೀಶರು ಒಂದೆರಡು ಪ್ರಶ್ನೆ ಕೇಳಬಹುದು: ಮಕ್ಕಳೆಷ್ಟು, ಅತ್ತೆ ಮಾವ ಇದ್ದಾರೆಯೇ, ವಿಲ್ ಬರೆದಿದ್ದರೇ. ಮೂಲ ದಾಖಲೆಗಳನ್ನು ಕೊಡುವ ಮುಂಚೆ ಎಲ್ಲದರ ಜೆರಾಕ್ಸ್ ಇಟ್ಟುಕೊಳ್ಳಿ. ಮೂಲ ರಸೀದಿಯನ್ನು ಆಮೇಲೆ ವಾಪಸು ಪಡೆಯಲು ಅರ್ಜಿ ಹಾಕಬೇಕಾಗುತ್ತದೆ.

ತಕರಾರು ಬಂದರೂ ಕೋರ್ಟು ಇಲ್ಲಿ ಇಡೀ ಆಸ್ತಿಯ ಜಗಳ ಬಗೆಹರಿಸಲು ಕೂರುವುದಿಲ್ಲ. ಇದು ಸಂಕ್ಷಿಪ್ತ ವಿಚಾರಣೆ. ಪ್ರಶ್ನೆ ತೀರಾ ಜಟಿಲವಾಗಿದ್ದರೆ ಮೇಲ್ನೋಟಕ್ಕೆ ಯಾರ ಹಕ್ಕು ಬಲವಾಗಿ ಕಾಣುತ್ತದೋ ಅವರಿಗೆ ಪತ್ರ ಕೊಟ್ಟು, ಉಳಿದವರ ಪಾಲಿನ ರಕ್ಷಣೆಗೆಂದು ಜಾಮೀನುದಾರರ ಸಮೇತ ಮುಚ್ಚಳಿಕೆ ಬರೆಸಿಕೊಳ್ಳುತ್ತದೆ. ಸೋತವರು ಬೇರೆ ದಾವೆ ಹೂಡಲು ಈ ಆದೇಶ ಅಡ್ಡಿಯಾಗುವುದಿಲ್ಲ. ಅಪ್ರಾಪ್ತ ಮಕ್ಕಳಿದ್ದರೆ ಅವರ ಪಾಲನ್ನು ವಯಸ್ಸಿಗೆ ಬರುವವರೆಗೆ ಬ್ಯಾಂಕಿನಲ್ಲೇ ಇಡಬೇಕೆಂದು ನ್ಯಾಯಾಧೀಶರು ಷರತ್ತು ಹಾಕುವುದುಂಟು. ತಾಯಂದಿರಿಗೆ ಇದು ಅಪನಂಬಿಕೆಯಂತೆ ಕಂಡು ಬೇಸರವಾಗುತ್ತದೆ. ಆದರೂ ಇದು ಇರಬೇಕು ಎನ್ನುವವನು ನಾನು. ವಿಧವೆಯ ಕೈಗೆ ಬಂದ ಹಣದ ಮೇಲೆ ಕಣ್ಣು ಹಾಕುವ ನೆಂಟರಿಂದ ಮಕ್ಕಳ ಪಾಲಾದರೂ ಉಳಿಯುತ್ತದೆ.

ಇನ್ನು ವಿಲ್ ಇರುವ ಮನೆ. ಪ್ರೊಬೇಟ್ ಎಂದರೆ ಈ ವಿಲ್ ನಿಜವಾದದ್ದು, ಸರಿಯಾಗಿ ಬರೆದದ್ದು ಎಂದು ಕೋರ್ಟು ಮೊಹರು ಹಾಕಿ ಕೊಡುವುದು. ಅದನ್ನು ಕೇಳುವ ಹಕ್ಕು ವಿಲ್‌ನಲ್ಲಿ ಹೆಸರಿಸಿದ ನಿರ್ವಾಹಕರಿಗೆ ಮಾತ್ರ. ನಿರ್ವಾಹಕರನ್ನು ಹೆಸರಿಸದಿದ್ದರೆ ಆಡಳಿತ ಪತ್ರ ಕೇಳಬೇಕು. 1925ರ ಕಾಯ್ದೆಯ 57 ಮತ್ತು 213ನೇ ಕಲಮುಗಳು ಹಿಂದೂಗಳ ವಿಲ್‌ಗೆ ಪ್ರೊಬೇಟನ್ನು ಕಡ್ಡಾಯ ಮಾಡಿದ್ದು ಹಳೆಯ ಬಂಗಾಳದ ಪ್ರದೇಶದಲ್ಲಿ ಮತ್ತು ಮದರಾಸು, ಮುಂಬಯಿ ಹೈಕೋರ್ಟುಗಳ ಮೂಲ ಸಿವಿಲ್ ವ್ಯಾಪ್ತಿಯಲ್ಲಿ, ಅಂದರೆ ಆ ಎರಡು ಮಹಾನಗರಗಳೊಳಗೆ. ಹಾಗಾಗಿ ಒಂದು ಕಾಲಕ್ಕೆ ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡಕ್ಕಾಗಲಿ, ಮದರಾಸು ಪ್ರಾಂತ್ಯದಲ್ಲಿದ್ದ ಮಂಗಳೂರಿಗಾಗಲಿ ಅದು ತಟ್ಟಲಿಲ್ಲ. ಮುಂಬಯಿಯ ಕನ್ನಡಿಗರಲ್ಲೇ ಮಾಟುಂಗಾದಲ್ಲಿ ಫ್ಲಾಟ್ ಇದ್ದವರಿಗೆ ಪ್ರೊಬೇಟ್ ಬೇಕಿತ್ತು, ಠಾಣೆ ಜಿಲ್ಲೆಯ ಡೊಂಬಿವಲಿಯ ಫ್ಲಾಟಿಗೆ ಬೇಕಿರಲಿಲ್ಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ 213ನೇ ಕಲಮನ್ನೇ ಕೈಬಿಡುವ ತಿದ್ದುಪಡಿಯನ್ನು ಅಂಗೀಕರಿಸಿತು. ಕರ್ನಾಟಕದೊಳಗಿನ ಆಸ್ತಿಗೆ, ಇಲ್ಲೇ ಬರೆದ ವಿಲ್‌ಗೆ ಹಿಂದೂಗಳು ಪ್ರೊಬೇಟ್ ಪಡೆಯಲೇಬೇಕೆಂಬ ನಿಯಮ ಮೊದಲಿನಿಂದಲೂ ಇರಲಿಲ್ಲ.

ಕಡ್ಡಾಯವಲ್ಲ ಎಂದರೆ ಬೇಡವೇ ಬೇಡ ಎಂದಲ್ಲ. ವಿಲ್ ಬಗ್ಗೆ ಮನೆಯಲ್ಲಿ ಅಪಸ್ವರ ಇದ್ದರೆ ಸಾಕ್ಷಿಗಳು ಬದುಕಿರುವಾಗಲೇ ಕೋರ್ಟಿಗೆ ಹೋಗುವುದು ಒಳ್ಳೆಯದು. ವಿಲ್‌ಗೆ ಇಬ್ಬರು ಸಾಕ್ಷಿಗಳು ಸಹಿ ಹಾಕಿರಬೇಕು, ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು "ಅವರು ನಮ್ಮ ಮುಂದೆ ಸಹಿ ಹಾಕಿದರು" ಎಂದು ಹೇಳಬೇಕು. ವಿಲ್ ನೋಂದಣಿಯಾಗಿದೆ ಎಂದ ಮಾತ್ರಕ್ಕೆ ಈ ಸಾಕ್ಷ್ಯದಿಂದ ವಿನಾಯಿತಿ ಇಲ್ಲ. ಎಂಬತ್ತರ ಹಿರಿಯರು ತಮ್ಮ ಓರಗೆಯ ಎಂಬತ್ತರ ಗೆಳೆಯರನ್ನೇ ಸಾಕ್ಷಿ ಹಾಕಿಸಿರುತ್ತಾರೆ. ವಿಲ್ ಹೊರಬರುವ ಹೊತ್ತಿಗೆ ಸಾಕ್ಷಿಗಳೂ ಇರುವುದಿಲ್ಲ. ಪ್ರೊಬೇಟ್ ಸಿಕ್ಕ ಮೇಲೂ ಕೆಲಸವಿದೆ: ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನು, ಒಂದು ವರ್ಷದೊಳಗೆ ಲೆಕ್ಕವನ್ನು ನಿರ್ವಾಹಕರು ಕೋರ್ಟಿಗೆ ಒಪ್ಪಿಸಬೇಕು.

ಮೇಷ್ಟ್ರ ಮನೆಯ ವಿಷಯಕ್ಕೆ ಉಳಿದದ್ದು ಇಷ್ಟು. ಪ್ರಮಾಣಪತ್ರ ಕೈಗೆ ಬಂದ ದಿನವೇ ನಕಲು ಅರ್ಜಿ ಹಾಕಿ ಕೆಲವು ದೃಢೀಕೃತ ಪ್ರತಿ ತೆಗೆದುಕೊಳ್ಳಿ, ಬ್ಯಾಂಕಿಗೊಂದು ಬೇಕಾಗುತ್ತದೆ. ಮುಂದೆ ಟ್ರಂಕಿನ ತಳದಲ್ಲಿ ಇನ್ನೊಂದು ಠೇವಣಿ ರಸೀದಿ ಸಿಕ್ಕಿದರೆ ಹೊಸದಾಗಿ ಎಲ್ಲವನ್ನೂ ಶುರು ಮಾಡಬೇಕಿಲ್ಲ, ಇದೇ ಪತ್ರವನ್ನು ಆ ಹಣಕ್ಕೂ ವಿಸ್ತರಿಸಿ ಕೊಡಿ ಎಂದು 376ನೇ ಕಲಮಿನಡಿ ಕೇಳಬಹುದು. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತದೆ, ಆದರೆ ವಾರಸುದಾರರ ಹಕ್ಕು ಅಳಿಯುವುದಿಲ್ಲ. ಅಂಥ ಖಾತೆಗಳನ್ನು ಹುಡುಕಲು 2023ರಿಂದ 'ಉದ್ಗಮ್' ಎಂಬ ಪೋರ್ಟಲ್ ಇದೆ.

ವಕೀಲರ ಫೀಸಿಗೆ ಹೆದರಿ ಸುಮ್ಮನಿರುವ ಮನೆಗಳಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಉಚಿತ ವಕೀಲರ ನೆರವು ಹಕ್ಕಾಗಿಯೇ ಇದೆ. ಹೆಂಗಸರಿಗೆ ಆದಾಯದ ಮಿತಿಯೂ ಇಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿ ಸಾಮಾನ್ಯವಾಗಿ ಕೋರ್ಟಿನ ಆವರಣದಲ್ಲೇ ಇರುತ್ತದೆ, ಸಹಾಯವಾಣಿ ಸಂಖ್ಯೆ 15100. ಕೋರ್ಟ್ ಶುಲ್ಕ, ಬತ್ತದ ಖರ್ಚಿಗೂ ಅಲ್ಲಿ ನೆರವು ಕೇಳಬಹುದು. ಹೋಗುವಾಗ ಮರಣ ಪತ್ರ, ಪಾಸ್‌ಬುಕ್ಕು, ಮತ್ತು ಮನೆಯಲ್ಲಿರುವ ಎಲ್ಲ ವಾರಸುದಾರರ ಹೆಸರು ಬರೆದ ಒಂದು ಹಾಳೆ ಜೊತೆಗಿರಲಿ.